ನೆರಳು ಎಂಜಿನ್

ಓರಗಿತ್ತಿಯರಿಬ್ಬರಿರುವ ಮನೆಯಲ್ಲಿ ಒಲೆ ಹಚ್ಚಲು ಕಡ್ಡಿಪೆಟ್ಟಿಗೆ ಬೇಡ ಅನ್ನುತ್ತಾರೆ. ಈ ಓರಗಿತ್ತಿಯರಿಗೆ ಮನೆಯ ಒಲೆಯೊಂದೇ ಸಾಲಲಿಲ್ಲ. ಒಂದೇ ಪ್ರಸಾರ ಕೇಂದ್ರದಲ್ಲಿ, ಒಂದೇ ಕೆಲಸಕ್ಕೆ ಸೇರಿಕೊಂಡು ಅಲ್ಲೂ ಒಂದು ಹೂಡಿದರು. ದೊಡ್ಡವಳದು ಮೇಲಿನ ಮಹಡಿಯ ಸೌಂಡ್ ರೂಮು, ಚಿಕ್ಕವಳದು ಕೆಳಗಿನದು. ನೇರಪ್ರಸಾರ ನಡೆಯುವಾಗ ಯಾರ ಮಾತು ಎಷ್ಟು ಕೇಳಬೇಕು, ಚಪ್ಪಾಳೆ ಎಲ್ಲಿ ಏರಬೇಕು, ಕೆಮ್ಮು ಎಲ್ಲಿ ಮುಳುಗಬೇಕು ಅನ್ನುವುದೆಲ್ಲ ಆ ಎರಡು ಕೋಣೆಯಲ್ಲಿ ಕೂತ ಇವರಿಬ್ಬರ ಬೆರಳ ತುದಿಯಲ್ಲಿತ್ತು.

ಮನೆಯಲ್ಲೂ ದೊಡ್ಡವಳು ಮೇಲೆ, ಚಿಕ್ಕವಳು ಕೆಳಗೆ. ತಾರಸಿಯ ಮೇಲೆ ಇಬ್ಬರಿಗೂ ಸೇರಿ ಒಂದು ನೀರಿನ ಟ್ಯಾಂಕು. ದೊಡ್ಡವಳು ಕತ್ತಲಿರುವಾಗಲೇ ಎದ್ದು ಬಕೆಟ್ಟು, ಕೊಡ, ಪಾತ್ರೆ, ಕೊನೆಗೆ ಹೂದಾನಿಗೂ ನೀರು ತುಂಬಿಟ್ಟುಕೊಳ್ಳುವಳು. ಚಿಕ್ಕವಳು ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಲ್ಲಿ ತಿರುಗಿಸಿದರೆ ಅದು ಮುದುಕನ ಹಾಗೆ ಕೆಮ್ಮಿ ಸುಮ್ಮನಾಗುವುದು. ಅತ್ತೆಯ ಬಳಿ ದೂರು ಹೋದರೆ, "ಮೊದಲು ಎದ್ದವರಿಗೆ ನೀರಮ್ಮ, ನಾನೇನು ಮಾಡ್ಲಿ?" ಅನ್ನುತ್ತಾ ಟಿವಿಯ ಸದ್ದು ಇನ್ನೊಂದಿಷ್ಟು ಏರಿಸುವರು. ಗಂಡಂದಿರಿಬ್ಬರೂ ಲಿಫ್ಟ್ ರಿಪೇರಿ ಮಾಡುವವರು. ಜಗಳ ಶುರುವಾಯಿತೆಂದರೆ ಸಾಕು, ಎಲ್ಲೋ ಲಿಫ್ಟು ಕೆಟ್ಟಿದೆಯೆಂದು ಅವರಿಗೆ ಫೋನು ಬರುತ್ತಿತ್ತು, ಫೋನು ಬಡಿದುಕೊಳ್ಳದಿದ್ದರೂ.

ಹಿಂದೆ ಕೇಂದ್ರದಲ್ಲಿ ಎರಡು ಕೋಣೆಗೂ ಸದ್ದು ಬೆರೆಸುವ ಬೇರೆ ಬೇರೆ ಮಿಕ್ಸರುಗಳಿದ್ದವು. ನಿನ್ನದು ನಿನಗೆ, ನನ್ನದು ನನಗೆ. ಆಮೇಲೆ ಹೊಸ ಎಂಜಿನ್ ಬಂತು. ನೋಡಲು ಏನೂ ಇಲ್ಲ, ಕಬ್ಬಿಣದ ಕಪಾಟಿನಲ್ಲಿ ಚಪ್ಪಟೆಯಾಗಿ ಮಲಗಿದ ಕರಿ ಪೆಟ್ಟಿಗೆ. ಆದರೆ ಕಟ್ಟಡದ ಎಲ್ಲ ಮೈಕುಗಳ ಸದ್ದೂ ಹೋಗಿ ಬೀಳುವುದು ಅದರ ಹೊಟ್ಟೆಗೇ. ಕೋಣೆಗಳಲ್ಲಿ ಉಳಿದದ್ದು ಮೇಜು, ಮೇಜಿನ ಮೇಲೆ ಏರಿಸಿ ಇಳಿಸುವ ಫೇಡರುಗಳ ಸಾಲು, ಅಷ್ಟೇ. ಒಂದು ಮೈಕಿನ ಸದ್ದು ಹಾದುಹೋಗಲು ಒಂದು ಚಾನೆಲ್ ಬೇಕು. ಬೇಕಾದಾಗ ಎಂಜಿನ್ನನ್ನು ಕೇಳಿದರೆ ಕೊಡುತ್ತದೆ. ಲೈಸೆನ್ಸ್ ಹೆಚ್ಚಿಸಿದರೆ ಇನ್ನೂ ಕೊಡುತ್ತದೆ. ಹಿಗ್ಗಿಸಿದಷ್ಟೂ ಹಿಗ್ಗುವ ಯಂತ್ರ ಅಂತ ತಂದಿದ್ದರು.

ಅದರ ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಪೆಟ್ಟಿಗೆ. ಅದಕ್ಕೆ ತನ್ನದೆನ್ನುವ ಕೆಲಸವಿಲ್ಲ. ಮೊದಲನೆಯದು ಮಾಡಿದ್ದನ್ನೆಲ್ಲ ತಾನೂ ಮಾಡುತ್ತಾ, ಸದ್ದನ್ನು ಮಾತ್ರ ಹೊರಗೆ ಬಿಡದೆ ಕೂತಿರುವುದು. ಮೊದಲನೆಯದು ಬಿದ್ದರೆ ರೆಪ್ಪೆ ಬಡಿಯುವುದರೊಳಗೆ ಇದು ಹೆಗಲು ಕೊಡಬೇಕು. ಎಲ್ಲರೂ ಅದನ್ನು ನೆರಳು ಅನ್ನುತ್ತಿದ್ದರು. ಚಿಕ್ಕವಳಿಗೆ ಅದನ್ನು ಕಂಡಾಗಲೆಲ್ಲ ಅಜ್ಜಿ ಹೇಳುತ್ತಿದ್ದ ರಾಕ್ಷಸ ನೆನಪಾಗುವನು, ತಾನೊಂದು ಕಡೆ ಮಲಗಿ ಜೀವವನ್ನು ಇನ್ನೊಂದು ಕಡೆ ಬಚ್ಚಿಡುವವನು. ನೇರಪ್ರಸಾರದ ದಿನ ನೆರಳನ್ನು ಮುಟ್ಟಬಾರದು. ಮುಟ್ಟಲೇಬೇಕಾದರೆ ಎರಡೂ ಕೋಣೆಗೆ ಹೇಳಿ ಮುಟ್ಟಬೇಕು. ಕೇಂದ್ರದ ನಿಯಮಗಳಲ್ಲಿ ಎಲ್ಲರೂ ಪಾಲಿಸುತ್ತಿದ್ದ ನಿಯಮ ಅದೊಂದೇ.

ಎಂಜಿನ್ ಹಿಗ್ಗಿದಂತೆ ಕೋಣೆಗಳು ಕುಗ್ಗತೊಡಗಿದವು. ಕೇಂದ್ರದ ಮೇಡಂ ಒಂದು ದಿನ ಇಬ್ಬರನ್ನೂ ಕರೆದು ನಿಲ್ಲಿಸಿಕೊಂಡೇ ಹೇಳಿದರು.

"ಇನ್ನು ಒಂದು ಸೌಂಡ್ ರೂಮ್ ಸಾಕು. ಬರೋ ಭಾನುವಾರ ನಮ್ಮ ಎರಡೂ ವಾಹಿನಿಯಲ್ಲಿ ಒಂದೇ ಹೊತ್ತಿಗೆ ನೇರಪ್ರಸಾರ ಇದೆ. ಮೇಲೆ ಚುನಾವಣಾ ಚರ್ಚೆ, ಕೆಳಗೆ ಮಕ್ಕಳ ಗಾಯನ. ಎರಡನ್ನೂ ಕೇಳ್ತೀನಿ. ಒಬ್ಬರು ಕುರ್ಚಿಯಲ್ಲಿ ಉಳೀತೀರಿ. ಇನ್ನೊಬ್ಬರು ಹೊರಗಡೆ ತಂಡಕ್ಕೆ, ಮೈಕ್ ಇಡೋಕೆ, ಕೇಬಲ್ ಎಳೆಯೋಕೆ."

ಮೆಟ್ಟಿಲಿಳಿಯುವಾಗ ದೊಡ್ಡವಳು ಹಿಂದಿನಿಂದ, "ಕೇಬಲ್ ಎಳೆಯೋಕೆ ಸೊಂಟ ಗಟ್ಟಿ ಇರಬೇಕು, ನೋಡ್ಕೊಮ್ಮ," ಅಂದಳು.

"ಅಕ್ಕನ ಸೊಂಟಕ್ಕೇನು ಕಮ್ಮಿ, ಎರಡು ಕೇಬಲ್ ಸುತ್ತಿಟ್ಟುಕೊಳ್ಳಬಹುದು," ಅಂದಳು ಚಿಕ್ಕವಳು.

ಮಾತು ಹಾಗೆ ಬಂದರೂ ಕೆಳಗೆ ಹೋದವಳೇ ತನ್ನ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು ಕೂತಳು. ಆ ಕುರ್ಚಿಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡರೆ ಅವಳಿಗೆ ಜಗತ್ತು ಮಾತು ಕೇಳುತ್ತಿತ್ತು. ಬೇರೆಲ್ಲೂ ಕೇಳುತ್ತಿರಲಿಲ್ಲ.

ಭಾನುವಾರ ಬಂತು. ರಸ್ತೆಯಾಚೆಯ ಸಭಾಂಗಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುವ ಮಕ್ಕಳು, ಸಾಲಿಗಿಷ್ಟು ಮೈಕು. ಎರಡೆರಡು ಮಕ್ಕಳಿಗೆ ಒಂದರಂತೆ ಇಡಿಸಿದ್ದಳು ಚಿಕ್ಕವಳು. ಗುಂಪಿನ ಹಾಡೆಂದರೆ ಎಲ್ಲರೂ ಮುದ್ದೆ ಮಾಡಿ ಕೇಳಿಸುತ್ತಾರೆ. ಒಂದೊಂದು ದನಿಯೂ ಎಳೆ ಎಳೆಯಾಗಿ ಕಾಣುವಂತೆ, ಆದರೂ ಬಟ್ಟೆ ಒಂದೇ ಆಗಿರುವಂತೆ ನೇಯಬೇಕು ಅಂತ ಅವಳ ಆಸೆ. ಮೇಜಿನ ಮುಂದೆ ಕೂತು ಎಂಜಿನ್ನಿಗೆ ಚಾನೆಲ್ ಕೇಳಿದಳು. ಕೊಟ್ಟಿತು. ಮತ್ತೆ ಕೇಳಿದಳು. ಕೊಟ್ಟಿತು. ಮುಂದಿನ ಸಾಲಿನ ಮಕ್ಕಳು ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಬಂತು: ಖಾಲಿ ಚಾನೆಲ್ ಇಲ್ಲ.

ಯಾರ ಹೊಟ್ಟೆಗೆ ಹೋಯಿತು ಅಂತ ನೋಡಿದರೆ ಮೇಲಿನ ಕೋಣೆಯ ಹೆಸರುಗಳು ಸಾಲಾಗಿ ನಿಂತಿದ್ದವು. ಅಭ್ಯರ್ಥಿ. ಇನ್ನೊಬ್ಬ ಅಭ್ಯರ್ಥಿ. ನಿರೂಪಕ. ಪ್ರೇಕ್ಷಕರು. ಪ್ರೇಕ್ಷಕರು ಮತ್ತೆ. ಸುಮ್ಮನೆ. ಇರಲಿ. ಇರಲಿ ಇನ್ನೊಂದು.

ಚಿಕ್ಕವಳು ದಡದಡನೆ ಮೆಟ್ಟಿಲು ಹತ್ತಿದಳು. ದೊಡ್ಡವಳು ತನ್ನ ಮೇಜನ್ನು ಹಬ್ಬಿಕೊಂಡು ಕೂತಿದ್ದಳು.

"ಅಕ್ಕ, 'ಇರಲಿ' ಅಂದ್ರೆ ಯಾರ ಮೈಕು?"

"ಯಾರದ್ದೂ ಅಲ್ಲ. ಇರಲಿ ಅಂತ."

"ಮೂರು ಬಾಯಿಗೆ ಇಷ್ಟೊಂದು ಚಾನೆಲ್ಲಾ? ಒಂದೊಂದು ಹಲ್ಲಿಗೂ ಒಂದೊಂದು ಮೈಕ್ ಕಟ್ಟಿದ್ದೀರಾ?"

"ಕಟ್ಟಿದ್ರೂ ಕಟ್ಟೇನು. ನಿನಗೇನು ಸಂಕಟ?"

"ನನ್ನ ಅರ್ಧ ಮಕ್ಕಳಿಗೆ ಚಾನೆಲ್ ಇಲ್ಲ. ಬಾಯಿ ಆಡಿಸ್ಕೊಂಡು ನಿಂತಿರ್ಲಾ ಅವು?"

"ಮೊದಲು ಬಂದವರಿಗೆ ಮೊದಲು. ನಾನು ಬೆಳಕು ಹರಿಯೋ ಮುಂಚೆ ಬಂದಿದ್ದೀನಿ. ನೀನಿನ್ನೂ ಹಾಸಿಗೇಲಿ ಕನಸಿನ ಕುದುರೆ ಓಡಿಸ್ತಿದ್ದೆ."

"ನಲ್ಲೀಲಿ ನೀರು ಬಂದಿದ್ರೆ ನಾನೂ ಬೇಗ ಬರ್ತಿದ್ದೆ."

"ಮನೆ ಮಾತು ಇಲ್ಲಿಗೆ ತರಬೇಡ."

"ಮನೆ ಬುದ್ಧೀನ ನೀವು ತಂದಿದ್ದೀರಲ್ಲ!"

ದೊಡ್ಡವಳು ತಿರುಗಿಯೂ ನೋಡಲಿಲ್ಲ. ಒಂದೊಂದು ಚಾನೆಲ್ಲಿಗೂ ಗದ್ದಲ ಸೋಸುವುದು, ದನಿಗೆ ಮೆರುಗು ಹಚ್ಚುವುದು, ಮಾರ್ದನಿ ಕೊಡುವುದು ಎಂದು ಸಿಕ್ಕ ಸಿಕ್ಕ ಆಭರಣಗಳನ್ನೆಲ್ಲ ಹೇರುತ್ತಿದ್ದಳು. ಖಾಲಿ 'ಇರಲಿ'ಗೂ ಹೇರಿದ್ದಳು. ತನ್ನದೆಂದಮೇಲೆ ಮೈತುಂಬ ಇರಬೇಕು ಅವಳಿಗೆ.

ಎಂಜಿನಿಯರ್ ಸಾರ್ ಕಾರಿಡಾರಿನಲ್ಲಿ ಸಿಕ್ಕರು. ಏನು ಕೇಳಿದರೂ ಆಗುತ್ತೆ ಅನ್ನುತ್ತಿದ್ದುದರಿಂದ ಅವರಿಗೆ ಆಗುತ್ತೆ ಸಾರ್ ಅಂತಲೇ ಹೆಸರು ಬಿದ್ದಿತ್ತು.

"ಆಗುತ್ತೆ, ಆಗುತ್ತೆ. ಎಂಜಿನ್ ಹಿಗ್ಗುತ್ತಮ್ಮ."

"ಹಾಗಾದ್ರೆ ಹಿಗ್ಗಿಸಿ ಸಾರ್."

"ಹೊಸ ಲೈಸೆನ್ಸ್ ನಾಳೆ ಬರುತ್ತೆ."

"ಹಾಡು ಇವತ್ತು."

"ನಿಮ್ಮ ಅಕ್ಕನ್ನೇ ಕೇಳಿ. ಒಂದೇ ಮನೆಯವರು ತಾನೆ?"

"ಅದಕ್ಕೇ ಕೊಡಲ್ಲ ಸಾರ್."

ಅವರು ನಕ್ಕು, ಚಹಾ ಕುಡಿದು ಬರುತ್ತೇನೆಂದು ಹೊರಟೇಹೋದರು.

ಯಂತ್ರಗಳ ಕೋಣೆ ಸಾವಿನ ಮನೆಯಷ್ಟು ತಣ್ಣಗಿತ್ತು. ಫ್ಯಾನುಗಳು ಗುಂಯ್ಗುಡುತ್ತಿದ್ದವು. ಚಿಕ್ಕವಳು ಎರಡು ಕರಿ ಪೆಟ್ಟಿಗೆಗಳ ಮುಂದೆ ನಿಂತಳು. ಒಂದು ಹೊಟ್ಟೆ ಬಿರಿಯುವಷ್ಟು ತಿಂದು ಕೂತಿತ್ತು. ಇನ್ನೊಂದು ಅದರ ತೇಗನ್ನು ನಕಲು ಮಾಡುತ್ತಿತ್ತು. ಬಂದಾಗಿನಿಂದ ಒಮ್ಮೆಯೂ ಬೀಳದ ಯಂತ್ರಕ್ಕೆ ನೆರಳು ಯಾಕೆ? ಸುಮ್ಮನೆ ಕೂತ ಎಂಜಿನ್ ತುಂಬ ಚಾನೆಲ್ಲುಗಳು, ಅಲ್ಲಿ ದನಿಯಿಲ್ಲದ ಮಕ್ಕಳು. ನಿರ್ವಹಣೆಯ ಪಾಸ್‌ವರ್ಡು ಕಟ್ಟಡದ ಬೆಕ್ಕಿಗೂ ಗೊತ್ತಿತ್ತು. ಜೋಡಿ ಬಿಡಿಸಬೇಕೇ ಅಂತ ಪರದೆ ಕೇಳಿತು. ಖಚಿತವೇ ಅಂತ ಮತ್ತೆ ಕೇಳಿತು. ಅತ್ತೆಯಾದರೂ ಇಷ್ಟು ಸಲ ಕೇಳುತ್ತಿರಲಿಲ್ಲ. ಹೌದು ಅಂತ ಒತ್ತಿ, ಮುಂದಿನ ಸಾಲಿನದನ್ನೂ ಸೇರಿಸಿ ಮಕ್ಕಳ ಮೈಕುಗಳನ್ನೆಲ್ಲ ನೆರಳಿಗೆ ಹೊರಳಿಸಿದಳು.

ಮೇಲಿನ ಕೋಣೆಯ ಮೇಜಿನ ಮೂಲೆಯಲ್ಲಿ ಆ ಹೊತ್ತಿಗೆ ಒಂದು ಪುಟ್ಟ ಹಸಿರು ದೀಪ ಹಳದಿಗೆ ತಿರುಗಿರಬೇಕು. ದೊಡ್ಡವಳು ಅದರ ಮೇಲೆ ತನ್ನ ಬ್ಯಾಗು ಇಟ್ಟಿದ್ದಳು. ಚಿಕ್ಕವಳು ಹೇಳಲಿಲ್ಲ. ಹೇಳಬೇಕೆಂಬ ನಿಯಮ ನೆನಪಿದ್ದೂ ಹೇಳಲಿಲ್ಲ.

ಸಂಜೆಗೆ ಇನ್ನೂ ಸಾಕಷ್ಟು ಹೊತ್ತಿರುವಾಗ ಎರಡೂ ವಾಹಿನಿ ಒಟ್ಟಿಗೆ ಶುರುವಾದವು. ಮಕ್ಕಳು ಬಾಯಿ ತೆರೆದರು. ನೆರಳಿನ ಹೊಟ್ಟೆಯೊಳಗಿಂದ ಒಂದೊಂದು ದನಿಯೂ ಬೇರೆ ಬೇರೆಯಾಗಿ ಬಂದು ಚಿಕ್ಕವಳ ಬೆರಳಿನಡಿ ಕೂತಿತು. ಮುಂದಿನ ಸಾಲಿನಲ್ಲಿ ಗಾಜಿನ ಬಳೆಯಂಥ ದನಿ. ಬಲಗಡೆ ಶೀತವಾದ ಮೂಗು. ಹಿಂದಿನ ಸಾಲಿನ ಒಂದು ಹುಡುಗಿ ಪ್ರತಿ ಸಾಲನ್ನೂ ಕೂದಲೆಳೆಯಷ್ಟು ತಡವಾಗಿ ಮುಗಿಸುತ್ತಿದ್ದಳು. ಅದು ಗಾಳಿಪಟದ ಬಾಲದ ಹಾಗೆ ಹಾಡಿನ ತುದಿಯಲ್ಲಿ ಅಲ್ಲಾಡುತ್ತಿತ್ತು. ಆ ಬಾಲವನ್ನು ಸ್ವಲ್ಪವೇ ಸ್ವಲ್ಪ ಮೇಲೆತ್ತಿದಳು. ಮೇಡಂ ಕೇಳಲಿ ಈಗ, ಅಂದುಕೊಂಡಳು. ಕುರ್ಚಿ ಅವಳ ಬೆನ್ನಿಗೆ ಮೈಗೆ ಹೊಲಿದ ರವಿಕೆಯ ಹಾಗೆ ಅಂಟಿಕೊಂಡಿತ್ತು.

ಮೇಲೆ ಚರ್ಚೆ ಕಾವೇರಿತ್ತು. ಒಬ್ಬ ಅಭ್ಯರ್ಥಿ ಇನ್ನೊಬ್ಬನನ್ನು ಸುಳ್ಳುಗಾರ ಅಂದ, ಪ್ರೇಕ್ಷಕರು ಎದ್ದು ನಿಂತು ಕೂಗಿದರು, ಎಲ್ಲ ಮೈಕೂ ಒಟ್ಟಿಗೇ ಬಾಯಿಬಿಟ್ಟವು. ಹೇರಿದ ಆಭರಣಗಳೆಲ್ಲ ಒಂದೇ ಸಲ ಕೆಲಸಕ್ಕಿಳಿದವು. ಎಂಜಿನ್ ಒಂದು ಕ್ಷಣ ತಡವರಿಸಿ, ಕುಸಿದುಬಿತ್ತು.

ಚಿಕ್ಕವಳ ಎದುರಿಗೆ ಮೇಲಿನ ವಾಹಿನಿ ತೋರಿಸುವ ಪುಟ್ಟ ಟಿವಿ ಇತ್ತು. ಅದರಲ್ಲಿ ಬಾಯಿಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ಸದ್ದಿಲ್ಲ. ಅವಳಿಗೆ ಮೊದಲು ಆದದ್ದು ಹಾಲು ಕುಡಿದಷ್ಟು ಖುಷಿ. ತುಂಬಿಕೋ ಅಕ್ಕ, ಹೂದಾನಿಗೂ ತುಂಬಿಕೋ. ಆಮೇಲೆ ನೆರಳು ಯಾಕಿನ್ನೂ ಹೆಗಲು ಕೊಟ್ಟಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ತನ್ನ ಬೆರಳ ಕೆಳಗೇ ಹಾಡುತ್ತಿದೆ ಅನ್ನುವುದು ಹೊಳೆಯಿತು. ಕುಡಿದ ಹಾಲು ಒಡೆದುಹೋಯಿತು.

ಕಾರಿಡಾರಿನಲ್ಲಿ ಸಾರ್ ಓಡುವ ಸದ್ದು. "ಆಗ್ತಿಲ್ಲ! ಏನೂ ಆಗ್ತಿಲ್ಲ! ಅದು ಮತ್ತೆ ಎದ್ದು ಕೂರೋ ಹೊತ್ತಿಗೆ ಚರ್ಚೆನೇ ಮುಗಿದಿರುತ್ತೆ!" ಅವರ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ.

ಕೋಣೆಯಿಂದ ಕೋಣೆಗೆ ಮಾತಾಡುವ ಟಾಕ್‌ಬ್ಯಾಕ್ ಗರಗರಗುಟ್ಟಿತು. ದೊಡ್ಡವಳ ದನಿ ಚಾಕುವಿನ ಹಾಗಿತ್ತು.

"ನೆರಳು ನಿನ್ನ ಹತ್ರ ಇದೆಯೇನೇ?"

ಇಲ್ಲ ಅನ್ನಬಹುದಿತ್ತು. "ಇದೆ," ಅಂದಳು.

"ಬಿಡು ಅದನ್ನ."

"ಬಿಟ್ರೆ ಹಾಡು ನಿಲ್ಲುತ್ತೆ."

"ನಿಲ್ಲಲಿ."

"ನಿಲ್ಲಿಸಲ್ಲ."

"ಕಳ್ಳಿ. ಮನೆಹಾಳಿ. ಇಲ್ಲಿ ಊರಿಡೀ ನನ್ನ ಮುಖಕ್ಕೆ ಉಗೀತಿದೆ."

"ಮೊದಲು ಬಂದವರಿಗೆ ಮೊದಲು, ಅಕ್ಕ."

ಅಷ್ಟಂದು ಗುಂಡಿಯಿಂದ ಬೆರಳು ತೆಗೆದಳು. ಸುಮ್ಮನೆ ಕೂತರೆ ಸಾಕಿತ್ತು. ಮೇಲೆ ಮೌನ, ಕೆಳಗೆ ಹಾಡು. ಮೇಡಂ ಕಿವಿಗೆ ಯಾವುದು ಹಿತ ಅನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಪುಟ್ಟ ಟಿವಿಯಲ್ಲಿ ಆ ಅಭ್ಯರ್ಥಿ ಇನ್ನೂ ಮಾತಾಡುತ್ತಲೇ ಇದ್ದ. ಕೈ ಎತ್ತಿ, ಕತ್ತಿನ ನರ ಉಬ್ಬಿಸಿ, ಯಾರಿಗೂ ಕೇಳುತ್ತಿಲ್ಲವೆಂದು ಗೊತ್ತಿಲ್ಲದೆ. ಚಿಕ್ಕವಳಿಗೆ ಅದನ್ನು ನೋಡಲಾಗಲಿಲ್ಲ. ಅಕ್ಕನ ಮೇಲಿನ ಮರುಕ ಖಂಡಿತ ಅಲ್ಲ. ಉಗುರಿನ ಸಂದಿಗೆ ಸಿಬಿರು ಹೊಕ್ಕ ಹಾಗೆ, ಸದ್ದಿಲ್ಲದ ಬಾಯಿ ಅವಳನ್ನು ಚುಚ್ಚುತ್ತಿತ್ತು. ಅವಳ ಕೈಗೆ ಅದನ್ನು ಸರಿಮಾಡದೆ ಇರಲು ಬರುತ್ತಿರಲಿಲ್ಲ.

ನೆರಳಿನಲ್ಲೂ ಖಾಲಿ ಚಾನೆಲ್ ಉಳಿದಿರಲಿಲ್ಲ; ಮಕ್ಕಳ ನಡುವಿನ ಸಾಲಿನಲ್ಲಿ ಒಂದು ಬಿಟ್ಟು ಒಂದರಂತೆ ಮೂರು ಮೈಕು ಕಿತ್ತಳು. ಬಿಡುವಾದ ಚಾನೆಲ್ಲಿಗೆ ಮೇಲಿನ ಸ್ಟುಡಿಯೋದ ಮೂರು ಮೈಕುಗಳನ್ನು ಎಳೆದುಕೊಂಡಳು. ಪುಟ್ಟ ಟಿವಿಯಲ್ಲಿ ಅಭ್ಯರ್ಥಿಗೆ ದಿಢೀರನೆ ದನಿ ಬಂತು.

"ನಿಮ್ಮ ಮೂರು ಬಾಯಿ ನನ್ನ ಮೇಜಿನ ಎಡಗಡೆ ಇದೆ," ಅಂತ ಟಾಕ್‌ಬ್ಯಾಕಿನಲ್ಲಿ ಹೇಳಿದಳು. "ಬಂದು ನೋಡ್ಕೊಳ್ಳಿ. ನನಗೆ ಇರೋದು ಎರಡೇ ಕಿವಿ."

ದೊಡ್ಡವಳು ಏದುಸಿರು ಬಿಡುತ್ತಾ ಬಂದಳು. ಬಂದವಳೇ ಸೊಂಟದಿಂದ ಕುರ್ಚಿಯನ್ನು ಒತ್ತರಿಸಿ, ನಿಂತೇ ಎಡಗಡೆಯ ಫೇಡರುಗಳ ಮೇಲೆ ಕೈಯಿಟ್ಟಳು. ಒಬ್ಬಳ ಕಿವಿಯಲ್ಲಿ ಹಾಡು, ಇನ್ನೊಬ್ಬಳ ಕಿವಿಯಲ್ಲಿ ಬೈಗುಳ. ಮೊಣಕೈಗೆ ಮೊಣಕೈ ಬಡಿಯುತ್ತಿತ್ತು.

"ಪ್ರೇಕ್ಷಕರ ಮೈಕ್ ಕೊಡು."

"ಇಲ್ಲ."

"ಚಪ್ಪಾಳೆ ಇಲ್ಲದ ಚರ್ಚೆ ಹೆಣ ಕಾಯೋರ ಮಾತಿದ್ದ ಹಾಗಿರುತ್ತೆ. ಕೊಡೇ."

"ನೀವೇ ತಟ್ಟಿ ಚಪ್ಪಾಳೆ."

ದೊಡ್ಡವಳು ಕೇಳಲಿಲ್ಲ. ಕೈ ಚಾಚಿ ಮಕ್ಕಳ ಹಿಂದಿನ ಸಾಲಿನ ಮೈಕನ್ನು ಕಿತ್ತು ಪ್ರೇಕ್ಷಕರದ್ದನ್ನು ಅಲ್ಲಿಗೆ ತುರುಕಿದಳು. ಹಾಡಿನ ತುದಿಯ ಬಾಲ ಕತ್ತರಿಸಿ ಬಿತ್ತು. ಚಿಕ್ಕವಳು ಅಕ್ಕನ ಕೈಯ ಮೇಲೆ ಚಟ್ಟನೆ ಹೊಡೆದಳು.

"ಅತ್ತೆಗೆ ಹೇಳ್ತೀನಿ," ಅಂದಳು ದೊಡ್ಡವಳು ಹಲ್ಲು ಕಚ್ಚಿ.

"ಹೇಳಿ. ಕೇಳಿಸಿದ್ರೆ ತಾನೆ ಅವರಿಗೆ?"

ಹೊಡೆದ ಕೈಯಿಂದಲೇ ಚಿಕ್ಕವಳು ಮುಂದಿನ ಸಾಲಿನ ದನಿಯನ್ನು ಹಿಗ್ಗಿಸಿ ಹಿಂದಿನ ತೂತು ಮುಚ್ಚಿದಳು. ಹೊಡೆಸಿಕೊಂಡ ಕೈಯಿಂದಲೇ ದೊಡ್ಡವಳು, ಇಬ್ಬರು ಅಭ್ಯರ್ಥಿಗಳು ಒಟ್ಟಿಗೇ ಕಿರುಚುವಾಗ ಯಾರ ಮಾತು ಮುಖ್ಯವೋ ಅದನ್ನು ಸರಿಯಾಗಿ ಮೇಲೆತ್ತಿದಳು. ಕೈ ಚೆನ್ನಾಗಿದೆ ಮುಂಡೇದು ಅಂತ ಚಿಕ್ಕವಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು. ಎರಡೂ ಕಾರ್ಯಕ್ರಮ ಹಾಗೆ ಜಗಳವಾಡುತ್ತಲೇ ದಡ ಸೇರಿದವು.

ಮೇಡಂ ಒಳಗೆ ಬಂದಾಗ ಚಿಕ್ಕವಳಿನ್ನೂ ಹೆಡ್‌ಫೋನು ತೆಗೆದಿರಲಿಲ್ಲ. ದೊಡ್ಡವಳು ತೆಗೆದಿದ್ದಳು.

"ಮೇಡಂ, ಜೋಡಿ ಬಿಡಿಸಿ ನೆರಳು ಕದ್ದಿದ್ದು ಇವಳು. ಯಾರಿಗೂ ಹೇಳದೆ."

"ಎಂಜಿನ್ ಬೀಳಿಸಿದ್ದು ಇವರು," ಅಂದಳು ಚಿಕ್ಕವಳು. "ಖಾಲಿ ಚಾನೆಲ್ಲಿಗೂ ಹೊರೆ ಹೊರಿಸಿ ಬೀಳಿಸಿದ್ದು."

"ಎಂಜಿನ್ ಬೀಳುತ್ತೆ," ಅಂದರು ಮೇಡಂ. "ಯಾರು ಎಷ್ಟೇ ಹೊರಿಸಿದ್ರೂ, ಹೊರಿಸದೆ ಇದ್ರೂ ಒಂದಲ್ಲ ಒಂದು ದಿನ ಬೀಳುತ್ತೆ. ಅದಕ್ಕೇ ಇನ್ನೊಂದನ್ನ ಇಟ್ಟಿರೋದು. ಬಿಡಿಸಿದ್ದು ನೀನೇನಾ?"

"ನಾನೇ. ನನಗೆ ಚಾನೆಲ್ ಇರಲಿಲ್ಲ."

"ಇದ್ದಷ್ಟರಲ್ಲಿ ಹಾಡಿಸಬೇಕಿತ್ತು. ಕೊನೆಗೆ ಹಾಗೇ ತಾನೆ ಹಾಡಿಸಿದ್ದು? ನಾನು ಕೇಳ್ತಾನೇ ಇದ್ದೆ. ಮೊದಲಿಗೂ ಆಮೇಲಿಗೂ ನನಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ."

ಕುರ್ಚಿ ಹೋಯಿತೆಂಬುದು ಆ ಮಾತಿನಲ್ಲೇ ಇತ್ತು. ಆದರೆ ಚಿಕ್ಕವಳಿಗೆ ತಿವಿದದ್ದು ಕೊನೆಯ ವಾಕ್ಯ. ದೊಡ್ಡವಳು ಚಕ್ಕನೆ ತಲೆಯೆತ್ತಿ ಮೇಡಂ ಮುಖ ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಅವಳಿಗೆ ವ್ಯತ್ಯಾಸ ಗೊತ್ತಾಗಿತ್ತು. ಹೇಳಿದ್ದರೆ ಕುರ್ಚಿ ಅಲ್ಲಾಡುತ್ತಿತ್ತು. ಹೇಳಲಿಲ್ಲ.

ಮನೆಗೆ ಹೋದಾಗ ಅತ್ತೆ, "ಮಕ್ಕಳ ಹಾಡು ಬಲು ಚೆಂದ ಇತ್ತು, ಯಾರು ಮಾಡಿದ್ದು?" ಅಂದರು.

"ನಾನು," ಅಂದರು ಇಬ್ಬರೂ. ಆ ಮಾತಿಗೆ ಶುರುವಾದ ಜಗಳಕ್ಕೆ ಎರಡೆರಡು ಕಡೆ ಲಿಫ್ಟು ಕೆಟ್ಟವು.

ಮೇಲಿನ ಕೋಣೆಗೆ ಬೀಗ ಬಿತ್ತು. ಕೆಳಗಿನ ಕುರ್ಚಿಗೆ ದೊಡ್ಡವಳು ಬಂದು, ಅದರ ಎತ್ತರವನ್ನು ತನಗೆ ಬೇಕಾದಂತೆ ತಿರುಗಿಸಿಕೊಂಡಳು. ಚಿಕ್ಕವಳು ಹೊರಗಡೆಯ ತಂಡದ ಜೊತೆ ವ್ಯಾನು ಹತ್ತಿದಳು.

ಅವಳ ಪಾಲಿಗೆ ಮೊದಲು ಬಿದ್ದದ್ದು ಟೇಬಲ್ ಟೆನಿಸ್ ಫೈನಲ್ಲು. ಒಳಾಂಗಣದ ನೆಲಕ್ಕೆ ಆಗತಾನೇ ಎಣ್ಣೆ ಒರೆಸಿದ ಹಾಗೆ ಹೊಳಪು. ಮೇಜಿನಡಿ ಮಂಡಿಯೂರಿ ಮೈಕು ಕಟ್ಟುತ್ತಿದ್ದಳು. ಕಿವಿಗೆ ಸಿಕ್ಕಿಸಿದ ಟಾಕ್‌ಬ್ಯಾಕಿನಲ್ಲಿ ಕೇಂದ್ರದ ಕುರ್ಚಿಯಿಂದ ದನಿ ಬಂತು.

"ಆ ಮೈಕ್ ನೆಟ್ ಹತ್ರ ಸರಿಸು. ಆಟಗಾರನ ಬೂಟಿನ ಕಿರ್ ಕಿರ್ ಬರ್ತಿದೆ."

"ಬರಲಿ."

"ಜನಕ್ಕೆ ಚೆಂಡು ಕೇಳಬೇಕು, ಬೂಟಲ್ಲ."

"ಚೆಂಡಿಗೆ ಬೇರೆ ಮೈಕ್ ಇಟ್ಟಿದ್ದೀನಿ. ಇದು ಬೂಟಿಗೇ."

"ಕುರ್ಚೀಲಿ ಯಾರು ಕೂತಿರೋದು?"

"ನೀವು."

"ಹಾಗಾದ್ರೆ ನಾನು ಹೇಳಿದ ಕಡೆ ಇಡು."

"ಕಾಣೋದು ನನಗೆ, ಅಕ್ಕ. ಬೇಕಿದ್ರೆ ಬಂದು ನೀವೇ ಇಡಿ."

ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಊರು ದಾಟಬೇಕು, ಆಟ ಇನ್ನೇನು ಶುರು. ಚಿಕ್ಕವಳು ಹಿಂದಕ್ಕೆ ಸರಿದು ಗೋಡೆಗೊರಗಿ ಕೂತಳು. ಒಂದು ಕಿವಿಗೆ ಪ್ರಸಾರವಾಗುತ್ತಿರುವ ಸದ್ದನ್ನು ಹಾಕಿಕೊಂಡಳು. ಅಲ್ಲಿ ಆ ಫೇಡರ್ ಮೇಲೆ ಯಾರ ಬೆರಳಿದೆ ಅಂತ ಅವಳಿಗೆ ಗೊತ್ತಿತ್ತು. ಎಳೆದು ಕೆಳಗಿಳಿಸಿದರೆ ಮುಗಿಯಿತು.

ಆಟಗಾರ ಚೆಂಡು ಮೇಲಕ್ಕೆ ಹಾರಿಸಿದ. ಟಕ್, ಟಕ್. ನಡುವೆ ಬೂಟು ನೆಲಕ್ಕೆ ಕಚ್ಚಿ ಕಿರ್ರಂದಿತು, ಅವನು ಎತ್ತ ಹಾರಲಿದ್ದಾನೆ ಅನ್ನುವುದು ಅವನ ಕೈಗಿಂತ ಮೊದಲು ಕಿವಿಗೆ ತಿಳಿಯಿತು.

"ಅಸಹ್ಯವಾಗಿದೆ ಕೇಳೋಕೆ," ಅಂದಳು ದೊಡ್ಡವಳು.

"ಹಾಗಾದ್ರೆ ಇಳಿಸಿ."

"ಇಳಿಸ್ತೀನಿ. ನೀನು ಹೇಳಬೇಕಾಗಿಲ್ಲ."

ಚಿಕ್ಕವಳು ಕಾದಳು. ಕಿರ್, ಟಕ್. ಕಿರ್ ಕಿರ್, ಟಕ್. ಸದ್ದು ಇಳಿಯಲಿಲ್ಲ.

"ಇಳಿಸ್ತೀನಿ ಅಂದ್ರಲ್ಲ?"

"ಬಾಯಿ ಮುಚ್ಕೊಂಡು ಕೂತ್ಕೋ," ಅಂತ ದೊಡ್ಡವಳು ಟಾಕ್‌ಬ್ಯಾಕ್ ಕತ್ತರಿಸಿದಳು. ಬೂಟು ಮತ್ತೆ ಕಿರ್ರಂದಿತು, ಮೊದಲಿಗಿಂತ ಒಂದು ಕೂದಲೆಳೆ ಜೋರಾಗಿ.